ಎದೆಯ ಪಂಪು ಕೆಟ್ಟಾಗ ಗಡಿಯಾರ ನೋಡಿ

2024ರ ಜುಲೈ ತಿಂಗಳು. ಖಾನಾಪುರ ತಾಲೂಕಿನ ಘಟ್ಟದಂಚಿನಲ್ಲಿ ಮಳೆ ಬಿಡದೆ ಸುರಿಯುತ್ತಿತ್ತು. ಕಾಡಿನೊಳಗಿನ ಹಳ್ಳಿಯೊಂದರಲ್ಲಿ ಮಹಿಳೆಯೊಬ್ಬರು ತೀವ್ರವಾಗಿ ಅಸ್ವಸ್ಥರಾದರು. ಊರತನಕ ವಾಹನ ಬರುವಂತಿರಲಿಲ್ಲ. ಊರಿನ ಗಂಡಸರು ಕಟ್ಟಿಗೆಯ ಸ್ಟ್ರೆಚರ್ ಕಟ್ಟಿ, ರೋಗಿಯನ್ನು ಹೆಗಲ ಮೇಲೆ ಹೊತ್ತು, ಮಳೆಯಲ್ಲೇ ಹಲವು ಕಿಲೋಮೀಟರು ನಡೆದು ಆಂಬುಲೆನ್ಸ್ ನಿಂತಲ್ಲಿಗೆ ತಂದರು. ಆ ಚಿತ್ರ ಪತ್ರಿಕೆಗಳಲ್ಲಿ ಬಂತು. ನಾಡಿನ ಜನ ಮರುಗಿದರು.

ಭೀಮಗಡ ವನ್ಯಜೀವಿ ಧಾಮದ ಸುತ್ತಲಿನ ಆಮಗಾಂವ, ಗವಾಳಿ, ಕೊಂಗಳಾ ಮುಂತಾದ ಊರುಗಳಿಗೆ ಇಂಥ ದೃಶ್ಯ ಹೊಸದೇನಲ್ಲ. ಮಲಪ್ರಭೆ ಹುಟ್ಟುವ ಕಣಕುಂಬಿ, ಜಾಂಬೋಟಿಯಿಂದ ಮತ್ತೂ 16 ಕಿ.ಮೀ. ಪಶ್ಚಿಮಕ್ಕಿದೆ. ತಾಲೂಕು ಕೇಂದ್ರ ಖಾನಾಪುರದಿಂದ ಬೆಳಗಾವಿಗೆ ಸುಮಾರು 26 ಕಿ.ಮೀ. ಬಸ್ಸಿನಲ್ಲಿ ಕುಳಿತವರಿಗೆ ಇದು ದೊಡ್ಡ ದೂರವಲ್ಲ. ಆದರೆ ದೂರವನ್ನು ಕಿಲೋಮೀಟರಿನಲ್ಲಿ ಅಳೆಯದೆ ನಿಮಿಷಗಳಲ್ಲಿ ಅಳೆಯುವ ಕಾಯಿಲೆಗಳಿವೆ. ಅವುಗಳಲ್ಲಿ ಮೊದಲನೆಯದು ಹೃದಯಾಘಾತ.

‘ಹಾರ್ಟಿನ ತ್ರಾಸು’ ಎಂದು ನಾವು ಒಂದೇ ಮಾತಿನಲ್ಲಿ ಹೇಳಿ ಮುಗಿಸುತ್ತೇವೆ. ಆದರೆ ಹೃದ್ರೋಗ ಒಂದಲ್ಲ, ಹಲವು. ಹೃದಯದ ಯಾವ ಭಾಗ ಕೆಟ್ಟಿದೆ ಎಂಬುದರ ಮೇಲೆ ರೋಗದ ಲಕ್ಷಣ, ಚಿಕಿತ್ಸೆ, ಅವಸರ ಎಲ್ಲವೂ ಬದಲಾಗುತ್ತವೆ. ಕೆಲವು ರೋಗಗಳಿಗೆ ನಿಮಿಷಗಳ ಲೆಕ್ಕ, ಕೆಲವಕ್ಕೆ ವರ್ಷಗಳ ಲೆಕ್ಕ. ಯಾವುದಕ್ಕೆ ಎಷ್ಟು ಸಮಯವಿದೆ ಎಂದು ತಿಳಿದಿದ್ದರೆ ದೂರದ ಊರಿನವರೂ ಬದುಕಬಲ್ಲರು.

ಮುಷ್ಟಿ ಗಾತ್ರದ ಪಂಪು

ಹೃದಯ ನಮ್ಮ ನಮ್ಮ ಮುಷ್ಟಿಯಷ್ಟೇ ದೊಡ್ಡದು. ತೂಕ ಸುಮಾರು 300 ಗ್ರಾಂ. ಒಳಗೆ ನಾಲ್ಕು ಕೋಣೆಗಳು: ಮೇಲೆ ಎರಡು ಹೃತ್ಕರ್ಣ, ಕೆಳಗೆ ಎರಡು ಹೃತ್ಕುಕ್ಷಿ. ಬಲಭಾಗ ಮೈಯಿಂದ ಬಂದ ಮಲಿನ ರಕ್ತವನ್ನು ಶ್ವಾಸಕೋಶಕ್ಕೆ ಕಳಿಸುತ್ತದೆ. ಅಲ್ಲಿ ಆಮ್ಲಜನಕ ತುಂಬಿಕೊಂಡು ಬಂದ ರಕ್ತವನ್ನು ಎಡಭಾಗ ಮಹಾಪಧಮನಿಯ ಮೂಲಕ ಮೈಗೆಲ್ಲ ತಳ್ಳುತ್ತದೆ. ರಕ್ತ ಹಿಂದಕ್ಕೆ ಹರಿಯದಂತೆ ನಾಲ್ಕು ಕವಾಟಗಳು ಕಾವಲಿರುತ್ತವೆ. ವೈದ್ಯರು ಸ್ಟೆತೋಸ್ಕೋಪಿನಲ್ಲಿ ಕೇಳುವ ‘ಲಬ್-ಡಬ್’ ಈ ಕವಾಟಗಳು ಮುಚ್ಚುವಾಗಿನ ಸದ್ದು.

ವಿಶ್ರಾಂತಿಯಲ್ಲಿರುವ ವಯಸ್ಕನ ಎಡ ಹೃತ್ಕುಕ್ಷಿ ಒಂದು ಬಡಿತಕ್ಕೆ ಸುಮಾರು 70 ಮಿಲಿಲೀಟರು ರಕ್ತ ಹೊರಹಾಕುತ್ತದೆ. ನಿಮಿಷಕ್ಕೆ 70 ಬಡಿತ ಎಂದರೆ ಸುಮಾರು 5 ಲೀಟರು. ದಿನಕ್ಕೆ ಒಂದು ಲಕ್ಷ ಬಡಿತ, 7,000 ಲೀಟರು! ಇಂಗ್ಲೆಂಡಿನ ವಿಲಿಯಂ ಹಾರ್ವೆ 1628ರಲ್ಲಿ ಪ್ರಕಟಿಸಿದ್ದು ಇಂಥದೇ ಸರಳ ಗುಣಾಕಾರ. ಅರ್ಧ ತಾಸಿನಲ್ಲಿ ಹೃದಯ ಹೊರಹಾಕುವ ರಕ್ತ ಮೈಯಲ್ಲಿರುವ ಒಟ್ಟು ರಕ್ತಕ್ಕಿಂತ ಹೆಚ್ಚು. ಹಾಗಾದರೆ ಅದೇ ರಕ್ತ ಮತ್ತೆ ಮತ್ತೆ ಸುತ್ತುತ್ತಿರಲೇಬೇಕು ಎಂದು ಆತ ವಾದಿಸಿದ. ಹೃದಯ ಒಂದು ಪಂಪು ಎಂಬ ತಿಳಿವಳಿಕೆ ಹೀಗೆ ಗಟ್ಟಿಯಾಯಿತು.

ಬಾವಿಯ ಪಂಪ್‌ಸೆಟ್ ನೀರೆತ್ತದಿದ್ದರೆ ರೈತ ನಾಲ್ಕು ಕಡೆ ನೋಡುತ್ತಾನೆ. ಪೈಪು ಕಟ್ಟಿದೆಯೆ? ಫುಟ್‌ವಾಲ್ವು ಸೋರುತ್ತಿದೆಯೆ? ಕರೆಂಟು ಸರಿಯಿದೆಯೆ? ಮೋಟರೇ ದಣಿದಿದೆಯೆ? ಹೃದ್ರೋಗ ತಜ್ಞರೂ ಹುಡುಕುವುದು ಇವನ್ನೇ: ರಕ್ತನಾಳ, ಕವಾಟ, ವಿದ್ಯುತ್ತು, ಸ್ನಾಯು.

ಕೊಳವೆ ಕಟ್ಟಿದಾಗ

ದಿನಕ್ಕೆ ಸಾವಿರಾರು ಲೀಟರು ರಕ್ತ ತನ್ನೊಳಗೆ ಹಾಯ್ದರೂ ಹೃದಯದ ದಪ್ಪ ಸ್ನಾಯು ಅದರಿಂದ ನೇರವಾಗಿ ಪೋಷಣೆ ಪಡೆಯಲಾರದು. ಮಹಾಪಧಮನಿಯ ಬುಡದಿಂದ ಹೊರಟು ಹೃದಯದ ಮೈಮೇಲೆ ಹಬ್ಬಿರುವ ಕರೊನರಿ ಧಮನಿಗಳೇ ಅದಕ್ಕೆ ಊಟ ಉಣಿಸಬೇಕು. ಇವುಗಳ ವ್ಯಾಸ ಕೇವಲ 3-4 ಮಿಲಿಮೀಟರು.

ತಂಬಾಕು, ಸಕ್ಕರೆ ಕಾಯಿಲೆ, ಅಧಿಕ ರಕ್ತದೊತ್ತಡ, ರಕ್ತದಲ್ಲಿ ಹೆಚ್ಚಿದ ಕೊಲೆಸ್ಟರಾಲ್ ಇವು ಸೇರಿ ವರ್ಷಗಟ್ಟಲೆ ಈ ಧಮನಿಗಳ ಗೋಡೆಯೊಳಗೆ ಕೊಬ್ಬಿನ ಗಂಟು ಬೆಳೆಸುತ್ತವೆ. ಕೊಳವೆ ಸುಮಾರು ಮುಕ್ಕಾಲು ಪಾಲು ಕಿರಿದಾದರೂ ಕುಳಿತಾಗ ಏನೂ ಅನಿಸದಿರಬಹುದು. ಏರು ಹತ್ತಿದಾಗ, ಭಾರ ಹೊತ್ತಾಗ ಎದೆ ಹಿಡಿದಂತಾಗುತ್ತದೆ. ನಿಂತರೆ ಕೆಲವು ನಿಮಿಷಗಳಲ್ಲಿ ಕಡಿಮೆಯಾಗುತ್ತದೆ. ಇದು ಆಂಜೈನಾ. ‘ಸ್ವಲ್ಪ ರಕ್ತ ಸಾಲದು’ ಎಂದು ಹೃದಯ ಕೊಡುವ ಎಚ್ಚರಿಕೆ.

ಹೃದಯಾಘಾತ ಬೇರೆ. ಇಲ್ಲಿ ಕೊಬ್ಬಿನ ಗಂಟು ಇದ್ದಕ್ಕಿದ್ದಂತೆ ಬಿರಿಯುತ್ತದೆ. ಬಿರಿದ ಜಾಗದಲ್ಲಿ ರಕ್ತ ಹೆಪ್ಪುಗಟ್ಟಿ ಕೊಳವೆಯನ್ನು ಪೂರ್ತಿ ಮುಚ್ಚುತ್ತದೆ. ಬಿರಿಯುವ ಗಂಟು ಬಹಳ ದೊಡ್ಡದೇ ಆಗಿರಬೇಕೆಂದಿಲ್ಲ. ನಿನ್ನೆತನಕ ನೆಟ್ಟಗೆ ಓಡಾಡಿಕೊಂಡಿದ್ದವರು ಇಂದು ಕುಸಿಯುವುದಕ್ಕೆ ಇದೇ ಕಾರಣ. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿನಲ್ಲಿ ಹೃದಯಾಘಾತದಿಂದ ತೀರಿಕೊಂಡಾಗ ಇಡೀ ಕರ್ನಾಟಕ ಈ ಪ್ರಶ್ನೆ ಕೇಳಿತು: ಅಷ್ಟು ವ್ಯಾಯಾಮ ಮಾಡುತ್ತಿದ್ದವರಿಗೆ ಹೇಗೆ? ವ್ಯಾಯಾಮ ಅಪಾಯವನ್ನು ಕಡಿಮೆ ಮಾಡುತ್ತದೆ. ಇಲ್ಲವಾಗಿಸುವುದಿಲ್ಲ ಎಂಬುದೇ ಉತ್ತರ.

ಕೊಳವೆ ಪೂರ್ತಿ ಮುಚ್ಚಿದ ಮೇಲೆ ಅರ್ಧ ತಾಸಿನ ಆಸುಪಾಸಿನಲ್ಲಿ ಸ್ನಾಯು ಸಾಯತೊಡಗುತ್ತದೆ. ಆರು ತಾಸು ಕಳೆಯುವಷ್ಟರಲ್ಲಿ ಆ ಧಮನಿಯನ್ನು ನಂಬಿದ್ದ ಭಾಗ ಬಹುಮಟ್ಟಿಗೆ ಹೋಗಿರುತ್ತದೆ. ಕೈಗೆ ಗಾಯವಾದರೆ ಹೊಸ ಚರ್ಮ ಬರುತ್ತದೆ. ಹೃದಯದ ಸ್ನಾಯು ಹಾಗೆ ಮರಳಿ ಬೆಳೆಯುವುದಿಲ್ಲ. ಅಲ್ಲಿ ಉಳಿಯುವುದು ಸಂಕುಚಿಸಲು ಬಾರದ ಕಲೆ. ಉಳಿದ ಸ್ನಾಯು ಅದರ ಪಾಲಿನ ಕೆಲಸವನ್ನೂ ಹೊರಬೇಕು.

ಲಕ್ಷಣಗಳೇನು? ಎದೆಯ ನಡುವೆ ಭಾರ ಇಟ್ಟಂತೆ, ಹಿಂಡಿದಂತೆ ಅಥವಾ ಉರಿದಂತೆ ನೋವು. ಅದು ಎಡಗೈಗೆ, ದವಡೆಗೆ, ಬೆನ್ನಿಗೆ ಹರಡುವುದು. ತಣ್ಣನೆಯ ಬೆವರು, ಓಕರಿಕೆ, ಏದುಸಿರು. ನೋವು ವಿಶ್ರಾಂತಿಗೂ ಬಗ್ಗುವುದಿಲ್ಲ. ಕೆಲವರಿಗೆ ಹೊಟ್ಟೆಯ ಮೇಲ್ಭಾಗದಲ್ಲಷ್ಟೇ ನೋವು. ಸಕ್ಕರೆ ಕಾಯಿಲೆಯವರಲ್ಲಿ, ವಯಸ್ಸಾದವರಲ್ಲಿ, ಹೆಂಗಸರಲ್ಲಿ ನೋವೇ ಇಲ್ಲದೆ ಬರೀ ಸುಸ್ತು, ಬೆವರು, ಉಸಿರುಗಟ್ಟುವಿಕೆ ಇರಬಹುದು. ‘ಗ್ಯಾಸ್ ಆಗಿರಬೇಕು’ ಎಂದು ಸೋಡಾ ಕುಡಿದು, ಓಂಕಾಳು ಅಗಿದು, ಬೆಳಗಾಗಲಿ ನೋಡೋಣ ಎಂದು ಮಲಗುವವರು ಕಳೆದುಕೊಳ್ಳುವುದು ಅತ್ಯಂತ ಬೆಲೆಬಾಳುವ ತಾಸುಗಳನ್ನು. ಗ್ಯಾಸೋ ಹೃದಯವೋ ಎಂದು ಮನೆಯಲ್ಲಿ ತೀರ್ಮಾನಿಸಲಾಗದು. ಅದಕ್ಕೆ ಇ.ಸಿ.ಜಿ. ಬೇಕು.

ಕವಾಟ ಕೆಟ್ಟಾಗ

ಹೃದಯಾಘಾತ ನಡುವಯಸ್ಸಿನವರನ್ನು ಹುಡುಕಿದರೆ, ಇನ್ನೊಂದು ಕಾಯಿಲೆ ಶಾಲೆಯ ಮಕ್ಕಳನ್ನು ಹುಡುಕುತ್ತದೆ. ಅದು ಶುರುವಾಗುವುದು ಎದೆಯಲ್ಲಲ್ಲ, ಗಂಟಲಲ್ಲಿ.

ಐದರಿಂದ ಹದಿನೈದು ವರ್ಷದ ಮಕ್ಕಳಿಗೆ ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾದಿಂದ ಗಂಟಲು ನೋವು, ಜ್ವರ ಬರುತ್ತದೆ. ಬಹುಪಾಲು ಮಕ್ಕಳಲ್ಲಿ ತಾನಾಗಿ ಇಳಿಯುತ್ತದೆ. ಆದರೆ ಕೆಲವರಲ್ಲಿ ಎರಡು-ಮೂರು ವಾರಗಳ ಬಳಿಕ ಮತ್ತೆ ಜ್ವರ ಬಂದು ಮೊಣಕಾಲು, ಪಾದದ ಗಂಟು, ಮೊಣಕೈ ಹೀಗೆ ಒಂದಾದ ಮೇಲೊಂದು ಕೀಲು ಊದುತ್ತದೆ. ಬ್ಯಾಕ್ಟೀರಿಯಾದ ವಿರುದ್ಧ ಸಿದ್ಧವಾದ ದೇಹದ ರಕ್ಷಣಾ ಪಡೆ ಗುರುತು ತಪ್ಪಿ ತನ್ನದೇ ಕೀಲು ಮತ್ತು ಹೃದಯದ ಮೇಲೆ ಬೀಳುವುದೇ ಇದಕ್ಕೆ ಕಾರಣ. ಇದು ರುಮ್ಯಾಟಿಕ್ ಜ್ವರ. ಕೀಲು ವಾಸಿಯಾಗುತ್ತದೆ, ಮಗು ಮತ್ತೆ ಆಟಕ್ಕೆ ಹೋಗುತ್ತದೆ, ಮನೆಯವರು ಮರೆಯುತ್ತಾರೆ. ಕವಾಟ ಮಾತ್ರ ಮರೆಯುವುದಿಲ್ಲ.

ಹೆಚ್ಚಾಗಿ ಪೆಟ್ಟು ತಿನ್ನುವುದು ಎಡ ಹೃತ್ಕರ್ಣ ಮತ್ತು ಎಡ ಹೃತ್ಕುಕ್ಷಿಯ ನಡುವಿನ ದ್ವಿದಳ ಕವಾಟ. ವೈದ್ಯರು ಇದನ್ನು ಮೈಟ್ರಲ್ ಎನ್ನುತ್ತಾರೆ. ಅದರ ದಳಗಳು ದಪ್ಪವಾಗಿ, ಅಂಚುಗಳು ಅಂಟಿಕೊಂಡು ಬಾಗಿಲು ಕಿರಿದಾಗುತ್ತದೆ. ಸಹಜವಾಗಿ 4ರಿಂದ 6 ಚದರ ಸೆಂಟಿಮೀಟರು ಇರಬೇಕಾದ ದ್ವಾರ ಒಂದು ಚದರ ಸೆಂಟಿಮೀಟರಿಗೆ ಇಳಿಯುವುದೂ ಉಂಟು. ಆಗ ರಕ್ತ ಮುಂದೆ ಹೋಗಲಾರದೆ ಹಿಂದೆ, ಅಂದರೆ ಶ್ವಾಸಕೋಶದಲ್ಲಿ, ಒತ್ತಡ ಕಟ್ಟಿಕೊಳ್ಳುತ್ತದೆ. ಒಡ್ಡಿನ ಹಿಂದೆ ನೀರು ಏರಿದಂತೆ. ರೋಗಿಗೆ ನಡೆದರೆ ದಮ್ಮು, ಮಲಗಿದರೆ ಕೆಮ್ಮು. ಇನ್ನು ಕೆಲವರಲ್ಲಿ ಕವಾಟ ಪೂರ್ತಿ ಮುಚ್ಚದೆ ಸೋರುತ್ತದೆ. ಸೋರುವ ಫುಟ್‌ವಾಲ್ವಿನಂತೆ, ತಳ್ಳಿದ ರಕ್ತದಲ್ಲಿ ಒಂದು ಪಾಲು ಹಿಂದಕ್ಕೆ ಬರುತ್ತದೆ. ಅದೇ ರಕ್ತವನ್ನು ಎರಡೆರಡು ಸಲ ತಳ್ಳಿ ಹೃದಯ ಹಿಗ್ಗುತ್ತದೆ.

ಎಷ್ಟೋ ಹೆಣ್ಣುಮಕ್ಕಳಲ್ಲಿ ಈ ರೋಗ ಬಯಲಾಗುವುದು ಮೊದಲ ಬಸಿರಿನಲ್ಲಿ. ಗರ್ಭಿಣಿಯ ಮೈಯಲ್ಲಿ ರಕ್ತದ ಪ್ರಮಾಣ ಹೆಚ್ಚುತ್ತದೆ, ಬಡಿತ ಚುರುಕಾಗುತ್ತದೆ. ಬಡಿತ ಚುರುಕಾದಷ್ಟೂ ಎರಡು ಬಡಿತಗಳ ನಡುವಿನ ಬಿಡುವು ಕುಗ್ಗುತ್ತದೆ. ಕಿರಿದಾದ ಬಾಗಿಲಿನಿಂದ ರಕ್ತ ಇಳಿಯಬೇಕಾದದ್ದು ಆ ಬಿಡುವಿನಲ್ಲೇ. ಹೀಗಾಗಿ ಇಷ್ಟು ದಿನ ಹೇಗೋ ನಡೆದಿದ್ದ ಹೃದಯ ಆಗ ಸೋಲುತ್ತದೆ.

ಸಮಾಧಾನದ ಮಾತೆಂದರೆ ಇದು ತಡೆಯಬಹುದಾದ ರೋಗ. ಗಂಟಲು ನೋವಿಗೆ ವೈದ್ಯರು ಹೇಳಿದಷ್ಟು ದಿನ ಪೆನ್ಸಿಲಿನ್ ಕೊಟ್ಟರೆ ರುಮ್ಯಾಟಿಕ್ ಜ್ವರ ಬಾರದಂತೆ ತಡೆಯಬಹುದು. ಒಮ್ಮೆ ಬಂದವರಿಗೆ ಮೂರು-ನಾಲ್ಕು ವಾರಕ್ಕೊಮ್ಮೆ ಪೆನ್ಸಿಲಿನ್ ಚುಚ್ಚುಮದ್ದು ವರ್ಷಾನುಗಟ್ಟಲೆ ಬೇಕು. ಮಗು ಚೆನ್ನಾಗಿದೆ ಎಂದು ನಿಲ್ಲಿಸಿದರೆ ಮುಂದಿನ ಗಂಟಲು ನೋವು ಕವಾಟಕ್ಕೆ ಇನ್ನೊಂದು ಪೆಟ್ಟು ಕೊಡುತ್ತದೆ. ಕಿರಿದಾದ ಕವಾಟವನ್ನು ಹಲವು ಸಲ ಎದೆ ಸೀಳದೆಯೇ ತೊಡೆಯ ರಕ್ತನಾಳದ ಮೂಲಕ ಬಲೂನು ಕಳಿಸಿ ಹಿಗ್ಗಿಸಬಹುದು. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆ ಈ ಚಿಕಿತ್ಸೆಗೆ ಹೆಸರಾಗಿದೆ.

ಹುಟ್ಟುವಾಗಲೇ ಹೃದಯದ ಗೋಡೆಯಲ್ಲಿ ತೂತು ಇರುವ ಮಕ್ಕಳೂ ಇದ್ದಾರೆ. ಸಾವಿರ ಶಿಶುಗಳಲ್ಲಿ ಎಂಟು-ಒಂಬತ್ತಕ್ಕೆ ಒಂದಲ್ಲ ಒಂದು ಹುಟ್ಟು ಹೃದಯದೋಷ ಇರುತ್ತದೆ. ಹಾಲು ಕುಡಿಯುವಾಗ ದಣಿದು ಬೆವರುವ, ತೂಕ ಏರದ, ಪದೇ ಪದೇ ನ್ಯುಮೋನಿಯಾ ಆಗುವ, ತುಟಿ ನೀಲಿಗಟ್ಟುವ ಮಗುವನ್ನು ತೋರಿಸಲೇಬೇಕು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ವೈದ್ಯರ ತಂಡಗಳು ಅಂಗನವಾಡಿ, ಸರ್ಕಾರಿ ಶಾಲೆಗಳಿಗೇ ಬಂದು ಮಕ್ಕಳನ್ನು ಪರೀಕ್ಷಿಸುತ್ತವೆ. ಆ ದಿನ ಮಗುವನ್ನು ಶಾಲೆ ತಪ್ಪಿಸಬಾರದು.

ಕರೆಂಟು ತಪ್ಪಿದಾಗ

ಹೃದಯಕ್ಕೆ ತನ್ನದೇ ವಿದ್ಯುತ್ ಕೇಂದ್ರವಿದೆ. ಬಲ ಹೃತ್ಕರ್ಣದ ಮೇಲ್ಭಾಗದ ಪುಟ್ಟ ಗಂಟೊಂದು ನಿಮಿಷಕ್ಕೆ 60ರಿಂದ 100 ಸಲ ಮಿಡಿಯುತ್ತದೆ. ಆ ಮಿಡಿತ ಮೇಲಿನ ಕೋಣೆಗಳಲ್ಲಿ ಹರಡಿ, ನಡುವಿನ ಇನ್ನೊಂದು ಗಂಟಿನಲ್ಲಿ ಸೆಕೆಂಡಿನ ಹತ್ತನೇ ಒಂದು ಪಾಲು ತಡೆದು, ಕೆಳಗಿನ ಕೋಣೆಗಳಿಗೆ ಇಳಿಯುತ್ತದೆ. ಈ ತಡೆ ಇರುವುದರಿಂದಲೇ ಮೇಲಿನ ಕೋಣೆ ಖಾಲಿಯಾದ ಮೇಲೆ ಕೆಳಗಿನದು ಸಂಕುಚಿಸುತ್ತದೆ. ಈ ವಿದ್ಯುತ್ತಿನ ಅಲೆಯನ್ನು ಕಾಗದದ ಮೇಲೆ ಮೂಡಿಸುವ ಇ.ಸಿ.ಜಿ. ಯಂತ್ರವನ್ನು ರೂಪಿಸಿದ ಹಾಲೆಂಡಿನ ಐಂತೋವನ್‌ಗೆ 1924ರಲ್ಲಿ ನೊಬೆಲ್ ಬಹುಮಾನ ಬಂತು.

ಮಿಡಿತ ಕೆಳಗಿಳಿಯುವ ದಾರಿ ಕೆಟ್ಟರೆ ಬಡಿತ ನಿಮಿಷಕ್ಕೆ ಮೂವತ್ತು-ನಲವತ್ತಕ್ಕೆ ಬಿದ್ದು ರೋಗಿಗೆ ಕಣ್ಣು ಕತ್ತಲೆ ಬರುತ್ತದೆ. ಇದಕ್ಕೆ ಪೇಸ್‌ಮೇಕರ್ ಪರಿಹಾರ. ಮೇಲಿನ ಕೋಣೆಗಳು ಸಂಕುಚಿಸುವ ಬದಲು ಬರೀ ಅದುರತೊಡಗಿದರೆ ನಾಡಿ ಅಡ್ಡಾದಿಡ್ಡಿಯಾಗುತ್ತದೆ. ನಿಂತ ರಕ್ತ ಒಳಗೇ ಹೆಪ್ಪುಗಟ್ಟಿ, ಆ ಹೆಪ್ಪು ಮೆದುಳಿಗೆ ಹೋಗಿ ಲಕ್ವಾ ಹೊಡೆಯಬಹುದು. ಕೆಳಗಿನ ಕೋಣೆಗಳೇ ಹೀಗೆ ಅದುರತೊಡಗಿದರೆ ಪಂಪು ಪೂರ್ತಿ ನಿಂತಂತೆ. ಅದು ಹೃದಯ ಸ್ತಂಭನ. ಹೃದಯಾಘಾತದ ಮೊದಲ ತಾಸಿನ ಸಾವುಗಳು ಬಹಳಷ್ಟು ಹೀಗೇ ಆಗುವುದು.

ಹೃದಯ ಸ್ತಂಭನದಲ್ಲಿ ಲೆಕ್ಕ ನಿಮಿಷಗಳದ್ದು. ನಾಲ್ಕೈದು ನಿಮಿಷ ರಕ್ತ ಸಿಗದಿದ್ದರೆ ಮೆದುಳಿಗೆ ಪೆಟ್ಟು ಬೀಳತೊಡಗುತ್ತದೆ. ಬೆಳಗಾವಿಯ ಪೇಟೆಯಲ್ಲಿ ಬಿದ್ದವರಿಗೂ ಅಷ್ಟರಲ್ಲಿ ವೈದ್ಯರು ಸಿಗುವುದು ಕಷ್ಟ. ಸಿಗುವವರು ಪಕ್ಕದಲ್ಲಿ ನಿಂತವರೇ. ಕುಸಿದವರು ಕರೆದರೂ ಓಗೊಡದೆ, ಉಸಿರಾಡದೆ ಅಥವಾ ತೇಕುತ್ತ ಇದ್ದರೆ ಕೂಡಲೇ ಒಬ್ಬರು 108ಕ್ಕೆ ಫೋನು ಮಾಡಬೇಕು. ಇನ್ನೊಬ್ಬರು ರೋಗಿಯನ್ನು ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ, ಎದೆಮೂಳೆಯ ಕೆಳ ಅರ್ಧದ ಮೇಲೆ ಒಂದರ ಮೇಲೊಂದು ಅಂಗೈಯಿಟ್ಟು, ತೋಳು ನೆಟ್ಟಗಿರಿಸಿ, ಎರಡು ಅಂಗುಲದಷ್ಟು ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ ಒತ್ತುತ್ತಿರಬೇಕು. ಪ್ರತಿ ಸಲ ಎದೆ ಪೂರ್ತಿ ಮೇಲೇಳಲು ಬಿಡಬೇಕು. ದಣಿದರೆ ಇನ್ನೊಬ್ಬರು ಮುಂದುವರಿಸಬೇಕು. ಹೊರಗಿನಿಂದ ಹೀಗೆ ಒತ್ತುವ ಕೈಗಳೇ ಆಗ ಪಂಪು. ಒಂದು ಮಧ್ಯಾಹ್ನ ತೆಗೆದಿಟ್ಟರೆ ಹೈಸ್ಕೂಲಿನ ಹುಡುಗ ಹುಡುಗಿಯರೂ ಇದನ್ನು ಕಲಿಯಬಲ್ಲರು.

ಮೋಟರು ದಣಿದಾಗ

ಮೇಲೆ ಹೇಳಿದ ದಾರಿಗಳೆಲ್ಲ ಕೊನೆಗೆ ಬಂದು ಸೇರುವ ಊರು ಒಂದೇ: ಹೃದಯದ ವೈಫಲ್ಯ. ಹೆಸರು ಕೇಳಿದರೆ ಹೃದಯ ನಿಂತೇಹೋಯಿತು ಎನಿಸುತ್ತದೆ. ಹಾಗಲ್ಲ, ಮೈಗೆ ಬೇಕಾದಷ್ಟು ರಕ್ತ ಒದಗಿಸಲಾರದಷ್ಟು ಅದು ಸೋತಿದೆ ಎಂದರ್ಥ.

ಆರೋಗ್ಯವಂತ ಎಡ ಹೃತ್ಕುಕ್ಷಿ ಸುಮಾರು 120 ಮಿಲಿಲೀಟರು ತುಂಬಿಕೊಂಡು 70ನ್ನು ಹೊರಹಾಕುತ್ತದೆ. ಅಂದರೆ ಶೇಕಡ 58. ಎಕೋ ಪರೀಕ್ಷೆಯ ವರದಿಯಲ್ಲಿ ‘ಇ.ಎಫ್.’ ಎಂದು ಬರೆಯುವುದು ಇದನ್ನೇ. ಶೇಕಡ 55ರ ಮೇಲಿದ್ದರೆ ಸಹಜ. 40ಕ್ಕಿಂತ ಕೆಳಗಿಳಿದರೆ ಸ್ನಾಯು ಸೋತಿದೆ. ನೂರಕ್ಕೆ ನೂರು ಬರಲಿಲ್ಲವೆಂದು ವರದಿ ಹಿಡಿದು ಗಾಬರಿಯಾಗುವವರಿದ್ದಾರೆ. ಯಾವ ಹೃದಯವೂ ಪೂರ್ತಿ ಖಾಲಿಯಾಗುವುದಿಲ್ಲ.

ಅಧಿಕ ರಕ್ತದೊತ್ತಡ ಇಲ್ಲಿಗೆ ಬರುವ ಸದ್ದಿಲ್ಲದ ದಾರಿ. ಒತ್ತಡ 140/90ಕ್ಕಿಂತ ಮೇಲೆಯೇ ಉಳಿದರೆ ಹೃತ್ಕುಕ್ಷಿ ಪ್ರತಿ ಬಡಿತಕ್ಕೂ ಬಿಗಿದ ಬಾಗಿಲು ನೂಕಿದಂತೆ ದುಡಿಯಬೇಕು. ತಾಲೀಮು ಮಾಡಿದ ತೋಳಿನಂತೆ ಅದರ ಗೋಡೆ ದಪ್ಪವಾಗುತ್ತದೆ. ಆದರೆ ದಪ್ಪ ಗೋಡೆ ಪೆಡಸು; ಸರಿಯಾಗಿ ಸಡಿಲಗೊಂಡು ರಕ್ತ ತುಂಬಿಕೊಳ್ಳಲಾರದು. ಮುಂದೆ ಅದೇ ಗೋಡೆ ಸೋತು ಹಿಗ್ಗುತ್ತದೆ. ಇಷ್ಟೆಲ್ಲ ಆಗುವವರೆಗೆ ರೋಗಿಗೆ ಯಾವ ನೋವೂ ಇರುವುದಿಲ್ಲ. ‘ತಲೆ ಸುತ್ತುತ್ತಿಲ್ಲ, ಹಾಗಾಗಿ ಬಿ.ಪಿ. ಗುಳಿಗೆ ಬಿಟ್ಟೆ’ ಎನ್ನುವುದು ಅದಕ್ಕೇ ಅಪಾಯದ ಮಾತು.

ಸಂಜೆಯಾಗುತ್ತಲೇ ಪಾದ ಊದಿ ಬೆರಳೊತ್ತಿದರೆ ಗುಳಿ ಬೀಳುವುದು, ಅಂಗಾತ ಮಲಗಿದರೆ ಉಸಿರುಗಟ್ಟಿ ಎರಡು-ಮೂರು ದಿಂಬು ಬೇಕೆನಿಸುವುದು, ನಾಲ್ಕು ದಿನದಲ್ಲಿ ಎರಡು ಕಿಲೋ ತೂಕ ಏರುವುದು ಇವು ಹೃದಯ ಸೋಲುತ್ತಿರುವ ಗುರುತುಗಳು. ಏರಿದ್ದು ಕೊಬ್ಬಲ್ಲ, ನೀರು. ಇಂಥವರಿಗೆ ಉಪ್ಪು ನೇರ ಶತ್ರು. ಹಪ್ಪಳ, ಉಪ್ಪಿನಕಾಯಿ, ಒಣಮೀನು ಅವರ ತಾಟಿನಲ್ಲಿರಬಾರದು. ಇಂದಿನ ಔಷಧಿಗಳು ಸೋತ ಹೃದಯವನ್ನೂ ವರ್ಷಗಟ್ಟಲೆ ನಡೆಸಬಲ್ಲವು, ತಪ್ಪದೆ ತೆಗೆದುಕೊಂಡರೆ ಮಾತ್ರ.

ದೂರದ ಊರಿಗೆ ಬಂದ ಚುಚ್ಚುಮದ್ದು

ಮತ್ತೆ ಹೃದಯಾಘಾತದ ಗಡಿಯಾರಕ್ಕೆ ಬರೋಣ. ಮುಚ್ಚಿದ ಕೊಳವೆಯನ್ನು ತೆರೆಯಲು ಎರಡು ದಾರಿಗಳಿವೆ. ಆಂಜಿಯೋಪ್ಲಾಸ್ಟಿ ಮಾಡಿ ಸ್ಟೆಂಟ್ ಇಡುವುದು ಒಂದು. ಅದಕ್ಕೆ ಕ್ಯಾಥ್‌ಲ್ಯಾಬ್ ಇರುವ ದೊಡ್ಡ ಆಸ್ಪತ್ರೆ ಬೇಕು. ಬೆಳಗಾವಿಯಲ್ಲಿ ಆ ಅನುಕೂಲ ಬಹುಕಾಲದಿಂದ ಇದೆ; ಕೆ.ಎಲ್.ಇ. ಸಂಸ್ಥೆಯ ಆಸ್ಪತ್ರೆಯಲ್ಲಿ ಹೃದಯ ಕಸಿಯೂ ನಡೆದಿದೆ. ಎರಡನೆಯದು ಹೆಪ್ಪು ಕರಗಿಸುವ ಚುಚ್ಚುಮದ್ದು. ರೋಗ ಗುರುತಿಸಿದ ಎರಡು ತಾಸಿನೊಳಗೆ ಆಂಜಿಯೋಪ್ಲಾಸ್ಟಿ ಆಗುವಂತಿದ್ದರೆ ಅದೇ ಉತ್ತಮ. ಆಗದಿದ್ದರೆ ಹತ್ತಿರದಲ್ಲೇ ಚುಚ್ಚುಮದ್ದು ಕೊಟ್ಟು, ಆಮೇಲೆ ದೊಡ್ಡ ಆಸ್ಪತ್ರೆಗೆ ಸಾಗಿಸಬೇಕು. ಮೊದಲ ಮೂರು ತಾಸಿನಲ್ಲಿ ಕೊಟ್ಟರೆ ಇದರ ಫಲ ಬಹಳ; ಹನ್ನೆರಡು ತಾಸು ಕಳೆದರೆ ಬಹುತೇಕ ವ್ಯರ್ಥ.

ಪುನೀತ್ ಹೆಸರಿನಲ್ಲಿ ಕರ್ನಾಟಕ ಸರ್ಕಾರ 2023ರಲ್ಲಿ ಆರಂಭಿಸಿದ ಹೃದಯ ಜ್ಯೋತಿ ಯೋಜನೆಯ ತಿರುಳು ಇದೇ. ತಾಲೂಕು, ಜಿಲ್ಲಾ ಆಸ್ಪತ್ರೆಯಲ್ಲಿ ತೆಗೆದ ಇ.ಸಿ.ಜಿ. ಕೆಲವೇ ನಿಮಿಷಗಳಲ್ಲಿ ದೂರದ ತಜ್ಞರ ಕಣ್ಣಿಗೆ ಬೀಳುತ್ತದೆ. ಅವರು ಹೌದೆಂದರೆ ಟೆನೆಕ್ಟೆಪ್ಲೇಸ್ ಎಂಬ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಅಲ್ಲೇ ಕೊಡಲಾಗುತ್ತದೆ. ಎಲ್ಲರಿಗೂ ಇದು ಆಗದು. ಈಚೆಗೆ ದೊಡ್ಡ ಶಸ್ತ್ರಚಿಕಿತ್ಸೆ ಆದವರಿಗೆ, ಮೆದುಳಿನಲ್ಲಿ ರಕ್ತಸ್ರಾವ ಆಗಿದ್ದವರಿಗೆ ಅಪಾಯ. ಅದನ್ನು ವೈದ್ಯರು ನೋಡಿಕೊಳ್ಳುತ್ತಾರೆ. ಮುಂದಿನ ಚಿಕಿತ್ಸೆಗೆ ಬಿ.ಪಿ.ಎಲ್. ಕುಟುಂಬಗಳಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವುಂಟು.

ಮನೆಯವರು ಮಾಡಬೇಕಾದ್ದು ಸ್ವಲ್ಪವೇ. ಎಲ್ಲರೂ ನೆಟ್ಟಗಿರುವಾಗಲೇ ಮೂರು ಸಂಗತಿ ವಿಚಾರಿಸಿಟ್ಟುಕೊಳ್ಳಬೇಕು: ತಮ್ಮೂರಿಗೆ ಹತ್ತಿರದಲ್ಲಿ ರಾತ್ರಿಯೂ ಇ.ಸಿ.ಜಿ. ತೆಗೆಯುವ ದವಾಖಾನೆ ಯಾವುದು, ಹೆಪ್ಪು ಕರಗಿಸುವ ಚುಚ್ಚುಮದ್ದು ಎಲ್ಲಿ ಸಿಗುತ್ತದೆ, ಮಳೆಗಾಲದಲ್ಲಿ ಆಂಬುಲೆನ್ಸ್ ಎಲ್ಲಿಯತನಕ ಬರುತ್ತದೆ. ನೋವು ಬಂದವರನ್ನು ನಡೆಸಬಾರದು, ಬೈಕಿನಲ್ಲಿ ಕೂರಿಸಿ ಅಲೆಸಬಾರದು. ಆಸ್ಪಿರಿನ್ ಒಗ್ಗದವರನ್ನು ಬಿಟ್ಟು ಉಳಿದವರಿಗೆ 300 ಮಿಲಿಗ್ರಾಂ ಗುಳಿಗೆಯನ್ನು ಅಗಿಸುವಂತೆ ವೈದ್ಯರು ಫೋನಿನಲ್ಲೇ ಸೂಚಿಸುವುದುಂಟು. ನೋವು ಶುರುವಾದ ವೇಳೆಯನ್ನು ಬರೆದಿಟ್ಟುಕೊಂಡರೆ ಚಿಕಿತ್ಸೆ ನೀಡುವವರಿಗೆ ಅದೇ ದೊಡ್ಡ ಸಹಾಯ.

ಬಾರದಂತೆ ನೋಡಿಕೊಳ್ಳುವ ಮಾತು ಹಳೆಯದೇ ಆದರೂ ಹೇಳದೆ ಬಿಡುವಂತಿಲ್ಲ. ಬೀಡಿ ತಂಬಾಕಿಗೆ ನಿಪ್ಪಾಣಿ ಹೆಸರಾದ ಜಿಲ್ಲೆ ಇದು. ಬೀಡಿಯಾಗಲಿ, ಗುಟಕಾ ಆಗಲಿ, ತಂಬಾಕು ಬಿಟ್ಟ ವರ್ಷದೊಳಗೇ ಹೃದಯದ ಅಪಾಯ ಇಳಿಯತೊಡಗುತ್ತದೆ. ಮೂವತ್ತು ದಾಟಿದವರು ವರ್ಷಕ್ಕೊಮ್ಮೆಯಾದರೂ ರಕ್ತದೊತ್ತಡ, ಸಕ್ಕರೆ ನೋಡಿಸಿಕೊಳ್ಳಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಇದಕ್ಕೆ ಹಣ ಕೊಡಬೇಕಿಲ್ಲ.

ಕಾಡಿನ ಊರುಗಳಿಗೆ ರಸ್ತೆ ಆಗಬೇಕೆ, ಊರುಗಳೇ ಹೊರಬರಬೇಕೆ ಎಂಬ ಚರ್ಚೆ ವರ್ಷಗಳಿಂದ ನಡೆದಿದೆ. ಅದು ಮುಗಿಯುವ ತನಕ ಹೃದಯ ಕಾಯುವುದಿಲ್ಲ. ಅಂದು ರೋಗಿಯನ್ನು ಹೊತ್ತು ನಡೆದ ಹೆಗಲುಗಳಲ್ಲಿ ಶಕ್ತಿಗೆ ಕೊರತೆಯಿರಲಿಲ್ಲ. ಅಂಥ ಹೆಗಲುಗಳು ಒಂದು ತಾಸು ಮೊದಲೇ ಹೊರಡುವಂತಾದರೆ, ಹೊರಟವರಿಗೆ ಎಲ್ಲಿಗೆ ಹೋಗಬೇಕೆಂದು ಗೊತ್ತಿದ್ದರೆ, ಖಾನಾಪುರದ ಘಟ್ಟದಲ್ಲೂ ಹೃದಯಾಘಾತ ಬದುಕಿ ಉಳಿಯಬಹುದಾದ ಕಾಯಿಲೆಯೇ.